ಟ್ಯಾಂಕನ್ನೇ ಹೊತ್ತವರು: ಹಳದಿ ವೃತ್ತದ ಒಂದು ಕಥೆ

ಹೈವೇಯಲ್ಲಿ ಸೇನೆಯ ಲಾರಿ ಎದುರಾದಾಗ ಅದರ ಮುಂಭಾಗವನ್ನು ಸರಿಯಾಗಿ ನೋಡಿದ್ದೀರಾ? ಬಂಪರ್ ಹತ್ತಿರ ಒಂದು ಹಳದಿ ವೃತ್ತ, ಅದರೊಳಗೆ ಕಪ್ಪು ಬಣ್ಣದಲ್ಲಿ ಒಂದು ಅಂಕಿ. ರೆಜಿಮೆಂಟ್ ನಂಬರ್ ಇರಬೇಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಅಲ್ಲ. ಈ ಗಾಡಿ ದಾಟಬೇಕಾದರೆ ಸೇತುವೆಗೆ ಎಷ್ಟು ತಾಕತ್ತಿರಬೇಕು ಅನ್ನೋದನ್ನ ಆ ಅಂಕಿ ಹೇಳುತ್ತೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಗಾಡಿಗಳ ಮೇಲೂ ಇದೇ ವೃತ್ತ ಇತ್ತು. ಅಂಕಿ ಹೆಚ್ಚುಕಡಿಮೆ ಟನ್ ಲೆಕ್ಕ. ಟ್ರೇಲರ್ ಎಳೆಯುವ ಗಾಡಿಗೆ ಎರಡು ಅಂಕಿ, ಒಂದರ ಮೇಲೊಂದು. ಮೇಲಿನದು ಟ್ರೇಲರ್ ಸೇರಿಸಿ, ಕೆಳಗಿನದು ಬರೀ ಗಾಡಿಯದು. ಸೇತುವೆ ಪಕ್ಕದ ಬೋರ್ಡಿನ ಅಂಕಿಗಿಂತ ಗಾಡಿಯ ಅಂಕಿ ದೊಡ್ಡದಾದರೆ ದಾಟುವಂತಿಲ್ಲ, ಅಷ್ಟೇ. ಯುದ್ಧದ ಇತಿಹಾಸ ಅಂದ್ರೆ ಯಾರು ಗುಂಡು ಹಾರಿಸಿದರು ಅನ್ನೋದನ್ನೇ ನಾವು ಓದ್ತೀವಿ. ಆ ಭಾರವನ್ನು ಅಲ್ಲಿವರೆಗೆ ಯಾರು ಸಾಗಿಸಿದರು ಅನ್ನೋದು ನನಗೆ ಅದಕ್ಕಿಂತ ಕುತೂಹಲದ ವಿಷಯ.

ಟ್ಯಾಂಕ್ ತನ್ನಷ್ಟಕ್ಕೆ ತಾನೇ ಎಲ್ಲಿಗೆ ಬೇಕಾದರೂ ಹೋಗುತ್ತೆ ಅನ್ನೋದು ಸಿನಿಮಾ ಕೊಟ್ಟ ಕಲ್ಪನೆ. ನೂರಾರು ಕಿಲೋಮೀಟರ್ ಓಡಿಸಿದರೆ ಅದರ ಚೈನು ಸವೆಯುತ್ತೆ, ಎಂಜಿನ್ ದಣಿಯುತ್ತೆ, ರಸ್ತೆಯೂ ಹಾಳಾಗುತ್ತೆ. ಯುದ್ಧಭೂಮಿ ತಲುಪೋ ಹೊತ್ತಿಗೆ ಟ್ಯಾಂಕ್ ಅರ್ಧ ಮುದುಕ. ಅದಕ್ಕೇ ಬ್ರಿಟಿಷರು ಅಮೆರಿಕದ ಬಾಗಿಲು ತಟ್ಟಿದರು. 1941ರಿಂದ ಷಿಕಾಗೋದ ಡೈಮಂಡ್ ಟಿ ಕಂಪನಿ ಅವರಿಗಾಗಿ 980 ಅನ್ನೋ ಮಾಡೆಲ್ ತಯಾರಿಸಿತು. ಸುಮಾರು 200 ಅಶ್ವಶಕ್ತಿಯ ಹರ್ಕ್ಯುಲಿಸ್ ಡೀಸೆಲ್ ಎಂಜಿನ್, ಹಿಂದೆ 24 ಚಕ್ರಗಳ ರಾಜರ್ಸ್ ಟ್ರೇಲರ್. ಗರಿಷ್ಠ ವೇಗ ಗಂಟೆಗೆ 37 ಕಿಲೋಮೀಟರ್ ಆಸುಪಾಸು. ಈಗಿನ ಎಷ್ಟೋ ಎಸ್‌ಯುವಿಗಳ ಎಂಜಿನ್ ಶಕ್ತಿಯೂ ಅಷ್ಟೇ ಇರುತ್ತೆ, ಅದು ಬೇರೆ ಮಾತು!

ಆದ್ರೆ ಗಮನಿಸಬೇಕಾದ್ದು ಎಂಜಿನ್ ಅಲ್ಲ, ಲಾರಿಯ ಬೆನ್ನ ಮೇಲಿದ್ದ ಪೆಟ್ಟಿಗೆ. ಅದರೊಳಗೆ ಬೇಕಂತಲೇ ಭಾರ ತುಂಬುತ್ತಿದ್ದರು. ಎಳೆಯುವ ಗಾಡಿ ಹಗುರವಾಗಿದ್ದರೆ ಚಕ್ರಕ್ಕೆ ನೆಲದ ಹಿಡಿತ ಸಿಗೋದಿಲ್ಲ. ಇಳಿಜಾರಲ್ಲಂತೂ ಟ್ರೇಲರೇ ಲಾರಿಯನ್ನು ಮುಂದಕ್ಕೆ ನೂಕಿ ಅಡ್ಡ ತಿರುಗಿಸಿಬಿಡುತ್ತೆ. ಎಳೆಯೋದು ಸುಲಭ, ನಿಲ್ಲಿಸೋದೇ ಕಷ್ಟ.

ಈಗ ನಮ್ಮ ಕಡೆಗೆ ಬರೋಣ. 1948. ಜೋಜಿ ಲಾ ಕಣಿವೆದಾರಿ, ಎತ್ತರ ಸುಮಾರು 11,500 ಅಡಿ. ಅದು ಎದುರಾಳಿಗಳ ಕೈಯಲ್ಲಿತ್ತು, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಕಾಲಾಳುಗಳ ದಾಳಿ ಫಲಿಸಲಿಲ್ಲ. ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಯಾರೂ ಊಹಿಸೋದಿಲ್ಲ, ಹಾಗಾಗಿ ಟ್ಯಾಂಕನ್ನೇ ತರೋಣ ಅನ್ನೋದು ಯೋಜನೆ.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ತಲಾ ಸುಮಾರು 15 ಟನ್. ದಾರಿಯಲ್ಲಿದ್ದ ಸೇತುವೆಗಳಿಗೆ ಅದು ಭಾರೀ ತೂಕ. ಹಾಗಾಗಿ ಮೇಲಿನ ಗೋಪುರವನ್ನು ಕಳಚಿ, ಒಡಲು ಬೇರೆ ಗೋಪುರ ಬೇರೆ ಮಾಡಿ ಸಾಗಿಸಿದರು. ತೂಕವೂ ಇಳೀತು, ನೋಡಿದವರಿಗೆ ಇದು ಟ್ಯಾಂಕ್ ಅಂತ ಗೊತ್ತಾಗೋದೂ ಕಷ್ಟವಾಯ್ತು. ದುರ್ಬಲ ಸೇತುವೆಗಳ ಮೇಲೆ ವಿಂಚಿನಿಂದ ನಿಧಾನವಾಗಿ ಎಳೆದು ದಾಟಿಸಿದರು. ಒಂದು ಸೇತುವೆ ಕುಸಿದಿದ್ದರೆ? ಒಂದು ಟ್ಯಾಂಕ್ ಹೋಗೋದು ಒಂದು ಕಡೆ, ಹಿಂದಿರುವ ಎಲ್ಲದಕ್ಕೂ ದಾರಿ ಬಂದ್. ಚಳಿಗಾಲ ಬೇರೆ ತಲೆ ಮೇಲೆ ಕೂತಿತ್ತು.

ಇನ್ನು ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಅಗಲ ಮಾಡಿ ಜೀಪ್ ಹೋಗುವಂಥ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದ್ದು, ಮನೆ ಮಾತ್ರ ಬೆಂಗಳೂರಿನ ಹಲಸೂರು ಕೆರೆ ಪಕ್ಕ. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು ಅಂತ ಸೇನಾ ಇತಿಹಾಸಗಳು ಹೇಳುತ್ತವೆ. ಎದುರಾಳಿಗಳು ಹಿಂದೆ ಸರಿದರು. ಅದೇ ತಿಂಗಳು ಲೇಹ್ ಕಡೆಯಿಂದ ಬಂದ ನಮ್ಮ ಪಡೆ ಕಾರ್ಗಿಲ್‌ನಲ್ಲಿ ಇವರನ್ನು ಸೇರಿಕೊಂಡಿತು. ಟ್ಯಾಂಕಿನ ಫೋಟೋ ಎಲ್ಲರಿಗೂ ಗೊತ್ತು. ವಿಂಚಿನ ಹಗ್ಗ ಹಿಡಿದವನ ಹೆಸರು ಯಾರಿಗೆ ಗೊತ್ತು ಹೇಳಿ?

ಈ ಲೆಕ್ಕ ಹಳೇ ಕಾಲದ್ದು ಅಂತ ಬಿಟ್ಟುಬಿಡಬೇಡಿ. ಯುದ್ಧಕಾಲದ ಜೀಪು ಎಲ್ಲೋ ಶೆಡ್ಡಿನಲ್ಲಿ ಸಿಕ್ಕಿತು ಅಂತ ಟ್ರೇಲರ್ ಮೇಲೆ ತರುವವರು ಈಗಲೂ ಇದ್ದಾರೆ. ವಿಲ್ಲಿಸ್ ಜೀಪ್ ಸುಮಾರು 1,100 ಕೆಜಿ. ಸಣ್ಣ ಗಾಡಿ ಅಂತ ಹಗ್ಗ ಬಿಗಿದು ಹೊರಡೋದು ಶುದ್ಧ ಹುಂಬತನ. ಟ್ರೇಲರ್ ತೂಕವೂ ಸೇರಿ 1,800 ಕೆಜಿ ಆಯ್ತು ಅಂದ್ಕೊಳ್ಳಿ. ಅದರ ನೂರಕ್ಕೆ 10ರಿಂದ 15 ಭಾಗ, ಅಂದ್ರೆ 180ರಿಂದ 270 ಕೆಜಿ, ಮುಂದಿನ ಕೊಂಡಿಯ ಮೇಲೆ ಬೀಳಬೇಕು. ನಿಮ್ಮ ಗಾಡಿಯ ಕೊಂಡಿ ಅದನ್ನು ತಾಳುತ್ತಾ ಅಂತ ಮೊದಲೇ ನೋಡಿ. ಜೀಪನ್ನು ಹಿಂದಕ್ಕೆ ನಿಲ್ಲಿಸಿ ಮುಂಭಾಗ ಹಗುರವಾದರೆ ಟ್ರೇಲರ್ ನಾಯಿ ಬಾಲದ ಹಾಗೆ ಅಲ್ಲಾಡೋಕೆ ಶುರು. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ಎಳೆದಾಡಲೂಬಾರದು. ಆಕ್ಸಿಲರೇಟರ್ ಬಿಟ್ಟು ವೇಗ ತಾನಾಗಿ ಇಳಿಯೋಕೆ ಬಿಡಬೇಕು.

ಇನ್ನೊಂದು ಸಂಗತಿ ಜೀಪ್ ಇರುವವರಿಗೂ ಎಷ್ಟೋ ಸಲ ಗೊತ್ತಿರೋದಿಲ್ಲ. ಆ ಕಾಲದ ವಿಲ್ಲಿಸ್‌ನ ಹ್ಯಾಂಡ್‌ಬ್ರೇಕ್ ಚಕ್ರವನ್ನು ನೇರವಾಗಿ ಹಿಡಿಯೋದಿಲ್ಲ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತೆ. ಕುಲುಕಾಟದಲ್ಲಿ ಒಂದು ಹಿಂಚಕ್ರ ಮೇಲೆದ್ದರೆ ಡಿಫರೆನ್ಷಿಯಲ್ ದೆಸೆಯಿಂದ ಇನ್ನೊಂದು ಚಕ್ರವೂ ಉರುಳಬಹುದು. ಅದನ್ನು ನಂಬಿ ಘಾಟಿ ಇಳಿಯೋಕಾಗಲ್ಲ. ನಾಲ್ಕೂ ಮೂಲೆಯಿಂದ ಆಕ್ಸಲ್‌ಗೋ ಚಾಸಿಗೋ ಕಟ್ಟಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಬಾಡಿ ಮೇಲೆ, ಬಂಪರ್ ಮೇಲೆ ಬೆಲ್ಟ್ ಬೇಡ, 80 ವರ್ಷದ ತಗಡು ಅದು. ಹೊರಟು ಹತ್ತಿಪ್ಪತ್ತು ಕಿಲೋಮೀಟರ್ ಆದಮೇಲೆ ಪಕ್ಕಕ್ಕೆ ನಿಲ್ಲಿಸಿ ಬೆಲ್ಟುಗಳನ್ನು ಮುಟ್ಟಿ ನೋಡಿ. ಸ್ಪ್ರಿಂಗು, ಟೈರು ಕೂತುಕೊಂಡು ಅಷ್ಟರಲ್ಲಿ ಸಡಿಲವಾಗಿರುತ್ತವೆ.