ಫ್ರೇಮಿಗೊಂದು ಮನೆ ನಂಬರು



ನಿಮ್ಮ ಸಂಘದ ರಾಜ್ಯೋತ್ಸವದ ವಿಡಿಯೋ ಎಡಿಟ್ ಮಾಡುವ ಹೊಣೆ ಈ ಸಲ ನಿಮ್ಮ ತಲೆಗೇ ಬಂದಿದೆ ಎನ್ನಿ. ಎರಡು ಕ್ಯಾಮೆರಾ, ಮೂರು ಮೊಬೈಲು, ಒಂದು ಸೌಂಡ್ ರೆಕಾರ್ಡರು. ಫೈಲುಗಳನ್ನೆಲ್ಲ ಸಾಫ್ಟ್‌ವೇರ್‌ಗೆ ಇಂಪೋರ್ಟ್ ಮಾಡಿದಿರಿ. ಕೆಲವು ಕ್ಲಿಪ್ಪುಗಳು 18:42:10:05 ಎಂದು ಶುರುವಾದರೆ ಉಳಿದವೆಲ್ಲ 00:00:00:00. ಗಂಟೆ, ನಿಮಿಷ, ಸೆಕೆಂಡು, ಫ್ರೇಮು. ಈ ನಾಲ್ಕು ಜೋಡಿ ಅಂಕಿಗಳಿಗೇ ಟೈಮ್‌ಕೋಡ್ ಅನ್ನುತ್ತಾರೆ. ನೋಡಲು ಗಡಿಯಾರದ ಹಾಗಿದ್ದರೂ ಇದರ ಕೆಲಸ ವಿಳಾಸ ಹೇಳುವುದು. ಅದು ಹೇಗೆ ಹುಟ್ಟಿತು ಅನ್ನುವುದು ಸ್ವಾರಸ್ಯದ ಕಥೆ.

ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ಟಿವಿ ಸ್ಟೇಷನ್ನುಗಳಿಗೆ ವಿಡಿಯೋ ಟೇಪ್ ಯಂತ್ರ ಕೊಟ್ಟಿತು. ಎಲ್ಲರಿಗೂ ಸಂಭ್ರಮ, ಎಡಿಟರಿಗೆ ಮಾತ್ರ ಸಂಕಟ! ಸಿನಿಮಾ ರೀಲನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ಎರಡಿಂಚು ಅಗಲದ ಆ ಕಂದು ಪಟ್ಟಿಯಲ್ಲಿ ಏನು ಕಾಣಬೇಕು? ಕಬ್ಬಿಣದ ನುಣ್ಣನೆ ಪುಡಿ ಕಲಸಿದ ದ್ರವವನ್ನು ಟೇಪಿಗೆ ಬಳಿದು, ಕಾಂತದ ಗುರುತು ಮೂಡಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಟೇಪು ಸೆಕೆಂಡಿಗೆ 15 ಇಂಚು ಓಡುತ್ತಿತ್ತು, ಅಲ್ಲಿ ಸೆಕೆಂಡಿಗೆ 30 ಫ್ರೇಮು. ಅಂದರೆ ಒಂದು ಫ್ರೇಮಿಗೆ ಅರ್ಧ ಇಂಚು. ಕತ್ತರಿ ಎರಡು ಫ್ರೇಮುಗಳ ನಡುವಿನ ಕಿರಿದಾದ ಸಂದಿನಲ್ಲೇ ಬೀಳಬೇಕು. ಸ್ವಲ್ಪ ಆಚೀಚೆಯಾದರೂ ಚಿತ್ರ ಉರುಳಿಬಿಡುತ್ತಿತ್ತು. ಕತ್ತರಿಸಿದ್ದು ಮೂಲ ಟೇಪನ್ನೇ, ಹಿಂದಕ್ಕೆ ಹೋಗುವ ದಾರಿಯೂ ಇಲ್ಲ.

ದಾರಿ ತೋರಿಸಿದ್ದು ರಾಕೆಟ್ ಪರೀಕ್ಷೆಯವರ ಅಭ್ಯಾಸ. ಅವರು ದಾಖಲೆ ಟೇಪಿನಲ್ಲಿ ಸಮಯದ ಸಂಕೇತವನ್ನೂ ಜೊತೆಗೇ ಬರೆಯುತ್ತಿದ್ದರು. 1967ರಲ್ಲಿ ಕ್ಯಾಲಿಫೋರ್ನಿಯಾದ ಇಇಸಿಓ ಕಂಪನಿ ಅದೇ ಉಪಾಯವನ್ನು ವಿಡಿಯೋಗೆ ತಂದು, ಪ್ರತಿ ಫ್ರೇಮಿಗೂ ಒಂದು ಸಂಖ್ಯೆ ಕೊಟ್ಟಿತು. ಬೇರೆ ಕಂಪನಿಗಳೂ ತಮ್ಮ ತಮ್ಮ ಸಂಕೇತ ಹಿಡಿದು ಬಂದವು. ಕೊನೆಗೆ ಎಪ್ಪತ್ತರ ದಶಕದಲ್ಲಿ ಎಸ್‌ಎಂಪಿಟಿಇ ಎಂಬ ಎಂಜಿನಿಯರುಗಳ ಸಂಸ್ಥೆ ಎಲ್ಲರಿಗೂ ಒಂದೇ ಮಾನಕ ಮಾಡಿತು. ಯೂರೋಪಿನ ಪ್ರಸಾರಕರ ಒಕ್ಕೂಟವೂ ಒಪ್ಪಿಕೊಂಡಿತು.

ರೇಡಿಯೋದವರಾದ ನಮಗೆ ಖುಷಿಯ ಸಂಗತಿ ಒಂದಿದೆ: ಈ ಸಂಕೇತ ಹುಟ್ಟಿನಿಂದ ಒಂದು ಸದ್ದು! ಫ್ರೇಮಿಗೆ 80 ಬಿಟ್, ನಮ್ಮ ದೇಶದ 25 ಫ್ರೇಮಿನ ಲೆಕ್ಕಕ್ಕೆ ಸೆಕೆಂಡಿಗೆ 2000 ಬಿಟ್. ಇದನ್ನು ಟೇಪಿನ ಒಂದು ಆಡಿಯೋ ಟ್ರ್ಯಾಕಿನಲ್ಲೇ ಬರೆಯುತ್ತಿದ್ದರು. ಕೇಳಿದರೆ ಹಲ್ಲು ಚುಳ್ಳೆನ್ನುವ ಕೀರಲು ಸದ್ದು. ಪಕ್ಕದ ಟ್ರ್ಯಾಕಿಗೆ ಸೋರಿದರಂತೂ ಹಾಡಿನ ಗತಿ ಅಷ್ಟೇ.

ಅಮೆರಿಕದವರಿಗೆ ಇನ್ನೊಂದು ತಲೆನೋವು. ಬಣ್ಣದ ಟಿವಿಗಾಗಿ 1953ರಲ್ಲಿ ಅವರ ವೇಗ 30ರಿಂದ 29.97ಕ್ಕೆ ಇಳಿದಿತ್ತು. ಗಂಟೆಗೆ 108 ಫ್ರೇಮು ವ್ಯತ್ಯಾಸ. ಅದಕ್ಕೇ ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆ ಬಿಟ್ಟು ಎಣಿಸುತ್ತಾರೆ, ಹತ್ತನೇ ನಿಮಿಷಕ್ಕೊಮ್ಮೆ ಮಾತ್ರ ಬಿಡುವುದಿಲ್ಲ. ಬಿಡುವುದು ಸಂಖ್ಯೆಯನ್ನು, ಚಿತ್ರವನ್ನಲ್ಲ. ನಮ್ಮ 25ಕ್ಕೆ ಈ ರಗಳೆಯೇ ಇಲ್ಲ.

ಸಂಖ್ಯೆ ಬಂದದ್ದರ ನಿಜವಾದ ಫಲ 1971ರಲ್ಲಿ ಕಂಡಿತು. ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ ಕಟ್ಟಿದ ಸಿಎಂಎಕ್ಸ್ 600 ಯಂತ್ರದ ಡಿಸ್ಕುಗಳಲ್ಲಿ ಹಿಡಿಯುತ್ತಿದ್ದುದು ಸುಮಾರು ಅರ್ಧ ಗಂಟೆಯ ಮಸುಕು ಕಪ್ಪು-ಬಿಳುಪು ಪ್ರತಿ. ಎಡಿಟರು ಆ ಪ್ರತಿಯಲ್ಲಿ ಆಯ್ಕೆ ಮಾಡಿದರೆ ಹೊರಬರುತ್ತಿದ್ದುದು ಟೈಮ್‌ಕೋಡುಗಳ ಒಂದು ಪಟ್ಟಿ. ಅದರ ಪ್ರಕಾರ ಮೂಲ ಟೇಪಿನಿಂದ ಕಾರ್ಯಕ್ರಮ ಜೋಡಿಸುವುದು. ಇಂದು ನೀವು ಹಗುರ ಪ್ರಾಕ್ಸಿ ಫೈಲಿನಲ್ಲಿ ಎಡಿಟ್ ಮಾಡಿ ಕೊನೆಗೆ ಮೂಲಕ್ಕೆ ಜೋಡಿಸುತ್ತೀರಲ್ಲ, ಅದೇ ಉಪಾಯ.

ಆದ್ದರಿಂದ ಇಂಪೋರ್ಟ್ ಮಾಡುವಾಗ ವಿಳಾಸ ಅಳಿಸಬೇಡಿ. ಪ್ರೀಮಿಯರ್ ಪ್ರೊದ ಮೀಡಿಯಾ ಪ್ರಿಫರೆನ್ಸಿನಲ್ಲಿ ಟೈಮ್‌ಕೋಡಿಗೆ ಎರಡು ಆಯ್ಕೆಗಳಿವೆ: ಫೈಲಿನಲ್ಲಿರುವುದನ್ನೇ ಬಳಸು, ಇಲ್ಲವೇ ಸೊನ್ನೆಯಿಂದ ಶುರುಮಾಡು. ಮೊದಲನೆಯದನ್ನೇ ಇಟ್ಟುಕೊಳ್ಳಿ. ಮೊಬೈಲಿನ ಫೈಲುಗಳಲ್ಲಿ ಸಾಮಾನ್ಯವಾಗಿ ಟೈಮ್‌ಕೋಡೇ ಇರುವುದಿಲ್ಲ, ಅವುಗಳಿಗೆ ಸಾಫ್ಟ್‌ವೇರಿನಲ್ಲೇ ಹೊಸ ಆರಂಭದ ಸಂಖ್ಯೆ ಕೊಡಬಹುದು. ರೆಕಾರ್ಡರು ಬ್ರಾಡ್‌ಕಾಸ್ಟ್ ವೇವ್ ಬರೆಯುವಂಥದ್ದಾದರೆ ಮಧ್ಯರಾತ್ರಿಯಿಂದ ಎಷ್ಟನೇ ಸ್ಯಾಂಪಲ್ಲಿಗೆ ಶುರುವಾಯಿತು ಎಂಬುದು ಫೈಲಿನಲ್ಲೇ ಇರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ಲಾದರೆ ಬೆಳಿಗ್ಗೆ ಹತ್ತಕ್ಕೆ 172 ಕೋಟಿ 80 ಲಕ್ಷ! ಕ್ಯಾಮೆರಾ ಮತ್ತು ರೆಕಾರ್ಡರಿನ ಗಡಿಯಾರಗಳನ್ನು ಮೊದಲೇ ಹೊಂದಿಸಿದ್ದರೆ ಚಿತ್ರ, ಧ್ವನಿ ತಾವಾಗಿ ಕೂಡಿಕೊಳ್ಳುತ್ತವೆ.

ಸಂಘದ ಬೀರುವಿನಲ್ಲಿ ಹಳೆಯ ಮಿನಿ ಡಿವಿ ಟೇಪುಗಳಿದ್ದಾವೆಯೇ? ಈಗಿಲ್ಲದ ಹಿರಿಯರ ನಾಟಕ, ಮಾತು ಅವುಗಳಲ್ಲಿರಬಹುದು. ಅವನ್ನು ಫೈರ್‌ವೈರ್ ಕೇಬಲಿನಲ್ಲೇ ಇಳಿಸಿಕೊಳ್ಳಿ, ಟೈಮ್‌ಕೋಡೂ ಜೊತೆಗೆ ಬರುತ್ತದೆ. ಮಾಮೂಲಿ ಎವಿ ಕೇಬಲಿನಲ್ಲಿ ಅದು ಬಾರದು. ಇನ್ನೊಂದು ಮಾತು: ರೆಕಾರ್ಡಿಂಗ್ ನಡುವೆ ಟೇಪು ಖಾಲಿ ಬಿಟ್ಟಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿರುತ್ತದೆ. ಆಗ ಒಂದೇ ಟೇಪಿನಲ್ಲಿ ಒಂದೇ ನಂಬರಿನ ಎರಡು ಮನೆ. ಅಂಥ ತುಂಡುಗಳಿಗೆ ಬೇರೆ ಬೇರೆ ರೀಲ್ ಹೆಸರು ಕೊಟ್ಟು, ಅದೇ ಹೆಸರನ್ನು ಟೇಪಿನ ಡಬ್ಬಿಯ ಮೇಲೂ ಬರೆದಿಡಿ.