ಬೆಲ್ ಅವರ ಏಣಿ, ಲೆನ್ನಿಯ ರೆಕ್ಕೆ: ಸರ್ಫ್ ಫಾಯಿಲ್ ಆರಿಸೋ ಮುಂಚೆ ಕೇಳಬೇಕಾದ ಕಥೆ

ಈ ಸಂಚಿಕೆಯನ್ನ ನೀವು ಫೋನ್‌ನಲ್ಲೇ ಕೇಳ್ತಿರ್ತೀರಿ. ಫೋನ್ ಅಂದ ಕೂಡ್ಲೇ ಶಾಲೆಯಲ್ಲಿ ಓದಿದ ಒಂದು ಹೆಸರು ನೆನಪಾಗುತ್ತೆ, ಅಲೆಕ್ಸಾಂಡರ್ ಗ್ರಹಾಂ ಬೆಲ್. ಆದ್ರೆ ಅದೇ ಬೆಲ್ ತಮ್ಮ 72ನೇ ವಯಸ್ಸಿನಲ್ಲಿ ನೀರಿಂದ ಮೇಲೆದ್ದು ಓಡೋ ದೋಣಿ ಮಾಡಿ ವೇಗದ ದಾಖಲೆ ಬರೆದಿದ್ರು ಅನ್ನೋದು ಎಷ್ಟು ಜನರಿಗೆ ಗೊತ್ತು? ಇವತ್ತಿನ ಕಥೆ ಆ ದೋಣಿಯಿಂದ ಶುರುವಾಗುತ್ತೆ, ಪ್ರೋನ್ ಸರ್ಫ್ ಫಾಯಿಲಿಂಗ್‌ನಲ್ಲಿ ಮುಗಿಯುತ್ತೆ.

ಮೊದಲು ಇದೇನು ಅಂತ ಹೇಳ್ತೀನಿ. ಚಿಕ್ಕ ಸರ್ಫ್ ಬೋರ್ಡ್ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕೈಯಿಂದ ನೀರು ತಳ್ಳಿ ಅಲೆ ಹಿಡಿಯೋದು. ಆಮೇಲೆ ಎದ್ದು ನಿಲ್ಲೋದು. ಬೋರ್ಡ್ ಕೆಳಗೆ ಒಂದು ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದ ಹಾಗೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಸಣ್ಣ ರೆಕ್ಕೆ. ವೇಗ ಸಿಕ್ಕಿದ್ರೆ ಬೋರ್ಡ್ ನೀರು ಬಿಟ್ಟು ಮೇಲೇಳುತ್ತೆ. ರೆಕ್ಕೆ ಮಾತ್ರ ನೀರೊಳಗೆ.

ಅಂಗಡಿಗೆ ಹೋದ್ರೆ ಹತ್ತಾರು ರೆಕ್ಕೆ ತೋರಿಸ್ತಾರೆ. ಯಾವುದು ಬೇಕು? ತಪ್ಪು ಆರಿಸಿದ್ರೆ ದುಡ್ಡು ಹೋಗೋದಷ್ಟೇ ಅಲ್ಲ, ಮೈಗೂ ಪೆಟ್ಟು. ಇತಿಹಾಸ ಗೊತ್ತಿದ್ರೆ ಆಯ್ಕೆ ಅರ್ಧ ಸುಲಭ.

1906ಕ್ಕೆ ಹೋಗೋಣ. ಇಟಲಿಯ ಮಜ್ಜೋರೆ ಸರೋವರದಲ್ಲಿ ಎನ್ರಿಕೊ ಫೊರ್ಲಾನಿನಿ ಅನ್ನೋ ಎಂಜಿನಿಯರ್ ದೋಣಿಯ ಕೆಳಗೆ ರೆಕ್ಕೆ ಕಟ್ಟಿ, ಗಂಟೆಗೆ ಸುಮಾರು 68 ಕಿ.ಮೀ. ವೇಗ ಮುಟ್ಟಿದ. ಕೆಲವು ವರ್ಷದ ನಂತರ ಬೆಲ್ ಮತ್ತು ಅವರ ಜೊತೆಗಾರ ಕೇಸಿ ಬಾಲ್ಡ್‌ವಿನ್ ಪ್ರಪಂಚ ಸುತ್ತೋವಾಗ ಅಲ್ಲಿಗೆ ಬಂದು ಆ ದೋಣಿ ಹತ್ತಿದ್ರು. ಹುಚ್ಚು ಹಿಡೀತು. ಕೆನಡಾದ ನೋವಾ ಸ್ಕೋಷಿಯಾಕ್ಕೆ ವಾಪಸ್ ಹೋಗಿ ತಾವೂ ಕಟ್ಟೋಕೆ ಶುರು ಮಾಡಿದ್ರು. 1919ರ ಸೆಪ್ಟೆಂಬರ್ 9ರಂದು ಅವರ ಎಚ್‌ಡಿ-4 ದೋಣಿ ಗಂಟೆಗೆ 114 ಕಿ.ಮೀ. ಓಡಿ ಲೋಕದ ದಾಖಲೆ ಮಾಡ್ತು.

ಈಗ ಗಮನಿಸಿ, ಇಡೀ ಕಥೆಯ ಕೀಲಿ ಇಲ್ಲಿದೆ. ಆ ದೋಣಿಗಳ ರೆಕ್ಕೆ ಒಂದೇ ಒಂದು ಅಲ್ಲ, ಏಣಿಯ ಮೆಟ್ಟಿಲ ಥರ ಒಂದರ ಮೇಲೊಂದು ಜೋಡಿಸಿದ್ರು. ಯಾಕೆ? ರೆಕ್ಕೆ ಕೊಡೋ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಅರ್ಧ ಆದ್ರೆ ಬಲ ಅರ್ಧ ಅಲ್ಲ, ಕಾಲು ಭಾಗ. ನಿಧಾನ ಇದ್ದಾಗ ದೋಣಿಯನ್ನ ಎತ್ತೋಕೆ ತುಂಬಾ ರೆಕ್ಕೆ ಬೇಕು, ಜೋರಾಗಿ ಹೋಗುವಾಗ ಸ್ವಲ್ಪ ಸಾಕು. ಏಣಿ ಇದನ್ನ ತಾನೇ ನೋಡಿಕೊಳ್ತಿತ್ತು. ವೇಗ ಏರಿದ ಹಾಗೆ ದೋಣಿ ಮೇಲೇಳುತ್ತೆ, ಮೇಲಿನ ಮೆಟ್ಟಿಲುಗಳು ನೀರಿಂದ ಆಚೆ ಬರುತ್ವೆ, ಕೆಳಗಿನವು ಮಾತ್ರ ಉಳಿಯುತ್ವೆ.

ಸರ್ಫರ್ ಹತ್ರ ಆ ಏಣಿ ಇಲ್ಲ. ಒಂದೇ ರೆಕ್ಕೆ ಆರಿಸಬೇಕು. ಅದೇ ಪೇಚು.

ಈಗ ಅಮೆರಿಕ, 1990ರ ಆಸುಪಾಸು. ಮೈಕ್ ಮರ್ಫಿ ಮತ್ತು ಬಾಬ್ ವೂಲಿ ಸೇರಿ 'ಏರ್ ಚೇರ್' ಅನ್ನೋದು ಮಾರುಕಟ್ಟೆಗೆ ತಂದ್ರು. ಬೋರ್ಡ್ ಮೇಲೆ ಒಂದು ಕುರ್ಚಿ, ಕೆಳಗೆ ಲೋಹದ ಫಾಯಿಲ್, ಮುಂದೆ ಎಳೆಯೋಕೆ ಮೋಟಾರು ದೋಣಿ. ದೋಣಿ ಜೋರಾಗಿ ಎಳೆಯುತ್ತಲ್ಲ, ಹಾಗಾಗಿ ರೆಕ್ಕೆ ಚಿಕ್ಕದಿದ್ರೂ ನಡೀತಿತ್ತು.

ಹವಾಯಿಯಲ್ಲಿ ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮ ಮತ್ತವರ ಗೆಳೆಯರು ಅದೇ ಫಾಯಿಲ್ ತಗೊಂಡು ನಿಂತು ಆಡೋ ಬೋರ್ಡ್‌ಗೆ ಕಟ್ಟಿದ್ರು. ದೊಡ್ಡ ಅಲೆಯ ಮೈ ನುಣುಪಾಗಿರಲ್ಲ, ಗಾಳಿಗೆ ಗುಂಡಿ ದಿಣ್ಣೆ ಎದ್ದಿರುತ್ತೆ. ಸಾಮಾನ್ಯ ಬೋರ್ಡ್ ಅದರ ಮೇಲೆ ಕುಕ್ಕುತ್ತೆ. ಫಾಯಿಲ್ ಆ ಗಲಾಟೆಯ ಕೆಳಗೆ, ಶಾಂತ ನೀರಲ್ಲಿ ಓಡುತ್ತೆ. ಆದ್ರೆ ಕಾಲು ಕಚ್ಚಿ ಹಿಡಿಯೋಕೆ ಅವರು ಹಾಕ್ಕೊಂಡಿದ್ದು ಸ್ನೋಬೋರ್ಡ್ ಬೂಟು. ಬಿದ್ರೆ ಲೋಹದ ಫಾಯಿಲ್ ಸಮೇತ ಅಲೆಯ ಹೊಟ್ಟೆಯೊಳಗೆ! 2003ರ 'ಸ್ಟೆಪ್ ಇನ್‌ಟು ಲಿಕ್ವಿಡ್' ಸಾಕ್ಷ್ಯಚಿತ್ರದಲ್ಲಿ ಆ ದೃಶ್ಯ ಕಂಡು ಜನ ಬಾಯಿ ಬಿಟ್ಟು ನೋಡಿದ್ರು. ನೋಡಿದ್ರು ಅಷ್ಟೇ, ಯಾರೂ ಮನೆಗೆ ತಂದ್ಕೊಳ್ಳಲಿಲ್ಲ.

ಧೈರ್ಯ ಸಾಲಲಿಲ್ಲ ಅಂತ ಅಲ್ಲ. ಲೆಕ್ಕ ಹಾಗಿತ್ತು. ಜೆಟ್ ಸ್ಕೀ ಎಳೆದು ಬಿಡೋ ವೇಗಕ್ಕೆ ಆದ ರೆಕ್ಕೆ ಅದು. ಉದಾಹರಣೆಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಮ್ಮನ್ನ ಎತ್ತೋ ರೆಕ್ಕೆ, 20 ಕಿ.ಮೀ.ಯಲ್ಲಿ ಕಾಲು ಭಾಗ ತೂಕ ಎತ್ತುತ್ತೆ. ಅಷ್ಟೇ ತೂಕ ಎತ್ತಬೇಕಂದ್ರೆ ಅದೇ ಆಕಾರದ ರೆಕ್ಕೆಗೆ ನಾಲ್ಕು ಪಟ್ಟು ವಿಸ್ತೀರ್ಣ ಬೇಕು. ಸಣ್ಣ ಅಲೆಯಲ್ಲಿ ಕೈಯಿಂದ ಈಜಿ ಹೊರಡೋ ಹುಡುಗ ಹುಡುಗಿಗೆ ಅದು ಆಗದ ಮಾತಾಗಿತ್ತು.

ಬದಲಾಗಿದ್ದು 2016ರಲ್ಲಿ. ಮಾವಿ ದ್ವೀಪದ ಕೈ ಲೆನ್ನಿ, ಫಾಯಿಲ್ ಕಟ್ಟಿದ ಬೋರ್ಡ್ ಮೇಲೆ ಬೂಟು ಇಲ್ಲದೆ ನಿಂತು, ನಡುಸಮುದ್ರದ ಅಲೆಗಳ ಮೇಲೆ ತೇಲಿಕೊಂಡು ಹೋಗೋ ವಿಡಿಯೋ ಎಲ್ಲೆಡೆ ಹರಿದಾಡ್ತು. ಎಳೆಯೋಕೆ ಯಾರೂ ಇಲ್ಲ. ಆ ಫಾಯಿಲ್ ಹಿಂದೆ ಇದ್ದದ್ದು ಅದೇ ದ್ವೀಪದ ಅಲೆಕ್ಸ್ ಅಗೇರ, 'ಗೋ ಫಾಯಿಲ್' ಕಂಪನಿಯವರು. ಗುಟ್ಟು ಏನು? ದೊಡ್ಡ ರೆಕ್ಕೆ. ನಿಧಾನ ವೇಗಕ್ಕೇ ಎತ್ತೋ ರೆಕ್ಕೆ. ಅಂದ್ಹಾಗೆ, ಮಂಗಳೂರು ಹತ್ರದ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದೂ ಅದೇ ವರ್ಷ.

ಆಮೇಲೆ ಆಟಗಾರರು ಪಳಗಿದ್ರು, ವೇಗ ಏರ್ತು, ರೆಕ್ಕೆ ಮತ್ತೆ ಚಿಕ್ಕದಾಯ್ತು. ಈಗ ಉದ್ದ, ಸಪೂರ ರೆಕ್ಕೆಗಳ ಕಾಲ. ಇವನ್ನ ಹೈ ಆಸ್ಪೆಕ್ಟ್ ಅಂತಾರೆ. ಉದ್ದದ ವರ್ಗವನ್ನ ವಿಸ್ತೀರ್ಣದಿಂದ ಭಾಗಿಸಿದ್ರೆ ಆ ಸಂಖ್ಯೆ ಸಿಗುತ್ತೆ. ತುಂಬಾ ದೂರ ಜಾರುತ್ತೆ, ಆದ್ರೆ ಹೊರಡೋಕೆ ಹೆಚ್ಚು ವೇಗ ಬೇಕು, ತಪ್ಪನ್ನ ಅಷ್ಟಾಗಿ ಕ್ಷಮಿಸಲ್ಲ.

ಇಲ್ಲೇ ಹೊಸಬರು ಎಡವೋದು. ರೀಲ್ಸ್‌ನಲ್ಲಿ ಚಾಂಪಿಯನ್ ಬಳಸೋದನ್ನ ನೋಡಿ ಅದನ್ನೇ ಕೊಳ್ತಾರೆ. ಅಂದ್ರೆ ಏಣಿಯ ಕೆಳಗಿನ ಮೆಟ್ಟಿಲು ಮಾತ್ರ ಇಟ್ಕೊಂಡು ದೋಣಿ ಹೊರಡಿಸೋಕೆ ಹೋದ ಹಾಗೆ.

ಹಾಗಾದ್ರೆ ಆರಿಸೋದು ಹೇಗೆ? ಮುಂದಿನ ರೆಕ್ಕೆ ಮೊದಲು ನೋಡಿ. 70-75 ಕೆ.ಜಿ. ತೂಕದ ಹೊಸಬರಿಗೆ 1500ರಿಂದ 2000 ಚದರ ಸೆಂ.ಮೀ., ತೀರಾ ಸಪೂರ ಅಲ್ಲದ್ದು. ಹಗುರ ಇದ್ದೋರಿಗೆ ಇನ್ನೂ ಕಡಿಮೆ ಸಾಕು. ಕಂಬ 60-75 ಸೆಂ.ಮೀ. ಇದ್ರೆ ಬೀಳೋ ಎತ್ತರ ಕಡಿಮೆ, ಆಳ ಇಲ್ಲದ ಕಡೆ ಮರಳಿಗೆ ತಾಗೋ ಭಯವೂ ಕಡಿಮೆ. ಬೋರ್ಡ್ ಐದು ಅಡಿ ಆಸುಪಾಸು, 35-45 ಲೀಟರ್ ಇದ್ರೆ ಈಜೋಕೆ, ಎದ್ದು ನಿಲ್ಲೋಕೆ ಸುಲಭ. ಬೋರ್ಡ್ ಕೆಳಗಿನ ಹಳಿಯಲ್ಲಿ ಕಂಬ ಮುಂದೆ ಸರಿಸಿದ್ರೆ ಬೇಗ ಏಳುತ್ತೆ, ಹಿಂದೆ ಸರಿಸಿದ್ರೆ ತಗ್ಗುತ್ತೆ. ಹೊಸ ರೆಕ್ಕೆ ಕೊಳ್ಳೋ ಮುಂಚೆ ಈ ಬಿಟ್ಟಿ ಉಪಾಯ ಮಾಡಿ ನೋಡಿ.

ಕಂಬ ಕಾರ್ಬನ್ನೇ ಬೇಕಾ? ಶುರುವಿಗೆ ಅಲ್ಯೂಮಿನಿಯಂ ಸಾಕು. ಆದ್ರೆ ಒಂದು ಮಾತು, ಅಲ್ಯೂಮಿನಿಯಂ ಮತ್ತು ಕಾರ್ಬನ್ ಉಪ್ಪುನೀರಲ್ಲಿ ಒಂದಕ್ಕೊಂದು ತಾಗಿದ್ರೆ ಲೋಹ ಕೊರೆದು ಹೋಗುತ್ತೆ. ಆಡಿದ ಮೇಲೆ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಸ್ಕ್ರೂಗೆ ಗ್ರೀಸ್ ಹಚ್ಚಿ. ಸೋಮಾರಿತನ ಮಾಡಿದ್ರೆ ಬೇರೆ ರೆಕ್ಕೆ ಹಾಕೋ ದಿನ ಸ್ಕ್ರೂ ಅಲ್ಲಾಡಲ್ಲ.

ಕೊನೆಗೆ, ಹೆಲ್ಮೆಟ್ ಮತ್ತು ಪೆಟ್ಟು ತಡೆಯೋ ಜಾಕೆಟ್‌ನ್ನ ಪಟ್ಟಿಯ ಮೊದಲಿಗೇ ಬರ್ಕೊಳ್ಳಿ. ಬೀಳುವಾಗ ಬೋರ್ಡ್‌ನಿಂದ ದೂರ ಹಾರಿ. ಈಜೋರು, ಬೇರೆ ಸರ್ಫರ್‌ಗಳು ಇರೋ ಕಡೆ ಹೋಗ್ಲೇಬೇಡಿ, ಆ ರೆಕ್ಕೆ ಅವರಿಗೆ ಬ್ಲೇಡ್ ಇದ್ದ ಹಾಗೆ. ನಿಧಾನವಾಗಿ ಮುರಿಯೋ ಸಣ್ಣ ಅಲೆ ಸಾಕು.

ಬೆಲ್ ದೋಣಿ ಏಣಿಯ ಮೆಟ್ಟಿಲನ್ನ ಒಂದೊಂದಾಗಿ ಬಿಟ್ಟುಕೊಡ್ತಾ ಮೇಲೆದ್ದಿತ್ತು. ನೀವೂ ಹಾಗೇ ಮಾಡಿ. ದೊಡ್ಡ ರೆಕ್ಕೆಯಿಂದ ಶುರು ಮಾಡಿ, ವೇಗ ಕೈಗೆ ಬಂದ ಮೇಲೆ ಒಂದೊಂದೇ ಅಳತೆ ಇಳಿಸ್ತಾ ಹೋಗಿ.