ಮುಂಡಗೋಡಿನ ಟಿಬೆಟನ್ ಕಾಲೊನಿಯೂ ವಾಸದ ಕಾಗದವೂ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಟಿಬೆಟನ್ ಕಾಲೊನಿ ಶುರುವಾದದ್ದು 1966ರಲ್ಲಿ. ಆಗಿನ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಟಿಬೆಟನ್ನರು ಈ ನೆಲೆಗೆ ಇಟ್ಟ ಹೆಸರು ದೋಗುಲಿಂಗ್; ಸುತ್ತಲಿನವರ ಬಾಯಲ್ಲಿ ಅದು ಕ್ಯಾಂಪು. ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು, ಲಾಮಾ ಕ್ಯಾಂಪು ಎಂದು ಸಂಖ್ಯೆಯಿಂದಲೋ ಗುರುತಿನಿಂದಲೋ ಕರೆಯುವ ರೂಢಿ ಇಂದಿಗೂ ಬದಲಾಗಿಲ್ಲ. ತಾತ್ಪೂರ್ತಿಕ ಬಿಡಾರಕ್ಕೆ ಇಡುವ ಇಂಥ ಹೆಸರು ಅರುವತ್ತು ವರ್ಷ ಬಾಳಿದೆ ಎನ್ನುವುದರಲ್ಲೇ ಈ ಊರಿನ ಚರಿತ್ರೆಯ ಮುಖ್ಯ ಎಳೆಯಿದೆ. ಮನೆ, ಹೊಲ, ಶಾಲೆ, ಆಸ್ಪತ್ರೆ, ಮಠ ಎಲ್ಲವೂ ಇಲ್ಲಿ ಕಾಯಂ ಆದವು. ಕಾಯಂ ಆಗದೆ ಉಳಿದದ್ದು ಅಲ್ಲಿರುವವರ ವಾಸದ ಹಕ್ಕು.

1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲೈ ಲಾಮಾ ತವಾಂಗ್ ಮಾರ್ಗವಾಗಿ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಗಡಿ ದಾಟಿದರು. ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸಕ್ಕೆ ಹಚ್ಚಿದ್ದ ಇವರನ್ನು ಭೂಮಿ ಕೊಟ್ಟು ನೆಲೆಗೊಳಿಸಲು ಕೇಂದ್ರ ಸರ್ಕಾರ ರಾಜ್ಯಗಳನ್ನು ಕೇಳಿತು. ಬೈಲಕುಪ್ಪೆಯ ಮೊದಲ ನೆಲೆ 1960ರಲ್ಲೇ ಎದ್ದಿತ್ತು. ಮುಂಡಗೋಡದಲ್ಲಿ ಸುಮಾರು 4,000 ಎಕರೆ ಕಾಡುಭೂಮಿ ಗುತ್ತಿಗೆಗೆ ಸಿಕ್ಕಿತು. ಮುಂದೆ ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ನೆಲೆಗಳಾಗಿ, ಕರ್ನಾಟಕದಲ್ಲಿ ಒಟ್ಟು ಐದು ಟಿಬೆಟನ್ ವಸಾಹತುಗಳಾದವು.

ತಂಪು ಪ್ರಸ್ಥಭೂಮಿಯಿಂದ ಬಂದವರಿಗೆ ಅರೆಮಲೆನಾಡಿನ ಸೆಕೆ, ಮಳೆ, ಕಾಡುಪ್ರಾಣಿಗಳ ಕಾಟ ಎಲ್ಲವೂ ಹೊಸತು. ಬಾರ್ಲಿ ಬೆಳೆಯುತ್ತಿದ್ದವರು ಭತ್ತ, ಗೋವಿನಜೋಳಕ್ಕೆ ಕೈ ಹಾಕಿದರು. ಹೊಲದ ಹುಟ್ಟುವಳಿ ಸಾಲದಾದಾಗ ಚಳಿಗಾಲಕ್ಕೆ ಸ್ವೆಟರ್ ಗಂಟು ಕಟ್ಟಿಕೊಂಡು ಊರೂರು ತಿರುಗುವ ವ್ಯಾಪಾರ ಹಿಡಿದರು. 1969ರ ಸುಮಾರಿಗೆ ಗಾಂದೆನ್ ಮತ್ತು ದ್ರೆಪುಂಗ್ ಮಠಗಳ ಭಿಕ್ಷುಗಳು ಬಂದು ಸೇರಿದರು. ಅದಕ್ಕೂ ಮುಂಚೆ ಅವರನ್ನು ಇರಿಸಿದ್ದು ಪಶ್ಚಿಮ ಬಂಗಾಳದ ಬಕ್ಸಾ ಕೋಟೆಯಲ್ಲಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು, ಅಲ್ಲಿ ಕ್ಷಯಕ್ಕೆ ತುತ್ತಾದವರು ಬಹಳ. ಲ್ಹಾಸಾ ಬಳಿ 1409 ಮತ್ತು 1416ರಲ್ಲಿ ಹುಟ್ಟಿದ್ದ ಈ ಎರಡು ಮಠಗಳು ಮುಂಡಗೋಡದಲ್ಲಿ ಮೊದಲಿಗೆ ಗದ್ದೆ ಕೆಲಸ ಮಾಡಿಯೇ ಹೊಟ್ಟೆ ಹೊರೆದವು. ಇಂದು ಅವು ಸಾವಿರಾರು ಭಿಕ್ಷುಗಳ ವಿದ್ಯಾಪೀಠಗಳು.

ಮೊದಲ ತಲೆಮಾರು ವಾಸದ ಕಾಗದಕ್ಕಾಗಿ ಕಾದಿರಲಿಲ್ಲ. ಅದು ಕಾದದ್ದು ತಾಯ್ನಾಡಿಗೆ ಮರಳುವ ದಿನಕ್ಕಾಗಿ. ಸರ್ಕಾರದ ಲೆಕ್ಕವೂ ಹಾಗೆಯೇ ಇತ್ತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನನ್ನೂ ಮಾಡಿಲ್ಲ. ಆದ್ದರಿಂದ ಮಾತಿನಲ್ಲಿ ಅತಿಥಿಗಳಾಗಿದ್ದವರು ಕಡತದಲ್ಲಿ ವಿದೇಶಿಯರಾದರು. 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ, ಎರಡೂ ಬ್ರಿಟಿಷರ ಕಾಲದವು, ಇವರಿಗೂ ಅನ್ವಯವಾದವು. ಬರಮಾಡಿಕೊಳ್ಳುವುದರಲ್ಲಿ ತೋರಿದ ಔದಾರ್ಯವನ್ನು ಕಾನೂನಿನ ಭಾಷೆಗೆ ಇಳಿಸುವ ಕೆಲಸ ಆಗಲೇ ಆಗಿದ್ದರೆ ಮುಂದಿನ ಅರ್ಧ ತೊಡಕು ತಪ್ಪುತ್ತಿತ್ತು.

ಈ ಕಾನೂನುಗಳ ಕೂಸು ಆರ್‌ಸಿ, ಅಂದರೆ ನೋಂದಣಿ ಪತ್ರ. ಭಾವಚಿತ್ರ, ವಿಳಾಸ, ಅವಧಿ, ಅದರ ಕೆಳಗೆ ನವೀಕರಣದ ಮೊಹರುಗಳಿಗೆ ಜಾಗ: ಒಂದು ಮೊಹರಿನ ಮೇಲೊಂದು ಬೀಳುತ್ತ ಮಡಿಕೆಯಲ್ಲಿ ಸವೆದುಹೋದ ಇಂಥ ಕಾಗದವೇ ಎಷ್ಟೋ ಹಿರಿಯರ ಬದುಕಿನ ದಾಖಲೆ. ಹುಡುಗರಿಗೆ 16 ತುಂಬಿದರೆ ಅವರ ಹೆಸರಿಗೂ ಬೇರೆ ಆರ್‌ಸಿ ಆಗಬೇಕು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಆ ಕಚೇರಿ ಇರುವುದು ಘಟ್ಟದ ಕೆಳಗಿನ ಕಾರವಾರದಲ್ಲಿ. ಬಹುಕಾಲ ಆರ್‌ಸಿಯ ಆಯಸ್ಸು ಒಂದು ವರ್ಷ, ಕೆಲವು ಸಲ ಅದಕ್ಕೂ ಕಡಿಮೆ. ಭಾರತದಲ್ಲೇ ಹುಟ್ಟಿದವರಿಗೆ ಮತ್ತು 20 ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದವರಿಗೆ ಅದನ್ನು ಐದು ವರ್ಷಕ್ಕೆ ಏರಿಸಿದ್ದು 2012ರ ಸುಮಾರಿಗೆ. ಅರ್ಧ ಶತಮಾನ ಇದ್ದವರು ಇನ್ನೂ ಇರುತ್ತಾರೆಯೇ ಎಂದು ವರ್ಷವರ್ಷ ಕೇಳುವ ಪದ್ಧತಿ ಅಷ್ಟು ದಿನ ನಡೆಯಿತು.

ಪರದೇಶಕ್ಕೆ ಹೋಗಬೇಕಾದವರಿಗೆ ಐಸಿ ಬೇಕು. ಹಳದಿ ಹೊದಿಕೆಯ ಈ ಗುರುತಿನ ಪುಸ್ತಕವನ್ನು ದೇಶಭ್ರಷ್ಟ ಟಿಬೆಟನ್ ಆಡಳಿತದ ಶಿಫಾರಸಿನ ಮೇಲೆ ಭಾರತದ ಪಾಸ್‌ಪೋರ್ಟ್ ಇಲಾಖೆ ಕೊಡುತ್ತದೆ. ಕ್ಯಾಂಪಿನ ಕಚೇರಿಯಿಂದ ಹೊರಟ ಅರ್ಜಿ ದೆಹಲಿ ತಲುಪಿ, ಪೊಲೀಸ್ ಪರಿಶೀಲನೆಗೆ ಮತ್ತೆ ಮುಂಡಗೋಡಕ್ಕೇ ಬಂದು ಹೋಗುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಐಸಿ ಕೈಸೇರಿದ ಮೇಲೂ ದೇಶ ಬಿಡಲು ಒಂದು ಅನುಮತಿ, ಮರಳಿ ಬರಲು ಆಕ್ಷೇಪವಿಲ್ಲ ಎಂಬ ಇನ್ನೊಂದು ಮುದ್ರೆ. ಆರ್‌ಸಿ, ಐಸಿಗಳ ಜೊತೆಗೆ ಮೂರನೆಯ ಕಾಗದವೂ ಇದೆ. 1972ರಿಂದ ದೇಶಭ್ರಷ್ಟ ಟಿಬೆಟನ್ ಆಡಳಿತ ತನ್ನವರಿಗೆ ಕೊಡುತ್ತಿರುವ ಹಸಿರು ಪುಸ್ತಕದಲ್ಲಿ ವಾರ್ಷಿಕ ವಂತಿಗೆ ಸಂದಾಯದ ಗುರುತು ಬೀಳುತ್ತದೆ. ಅದು ಯಾವ ವಿಮಾನ ನಿಲ್ದಾಣದಲ್ಲೂ ನಡೆಯದು. ಆದರೆ ಒಬ್ಬ ಟಿಬೆಟನ್ನನ ನಿಷ್ಠೆಗೆ ಅದೇ ಸಾಕ್ಷಿ.

ಹೀಗೆ ಕಾಗದಕ್ಕಾಗಿ ಕಾಯುವುದು ಬದುಕಿನ ಭಾಗವಾದ ಮೇಲೆ, ಬೇರೆ ದೇಶಗಳು ಬಾಗಿಲು ತೆರೆದಾಗಲೆಲ್ಲ ಸಾಲು ಬೆಳೆಯಿತು. ಸ್ವಿಟ್ಜರ್ಲೆಂಡ್ 1960ರ ದಶಕದಲ್ಲಿಯೂ ಕೆನಡಾ 1971ರಲ್ಲಿಯೂ ಟಿಬೆಟನ್ನರನ್ನು ಬರಮಾಡಿಕೊಂಡವು. ದೊಡ್ಡ ತಿರುವು ತಂದದ್ದು ಅಮೆರಿಕದ 1990ರ ವಲಸೆ ಕಾಯ್ದೆ: ಭಾರತ ಮತ್ತು ನೇಪಾಳದಲ್ಲಿದ್ದ 1,000 ಟಿಬೆಟನ್ನರಿಗೆ ಅದು ಕಾಯಂ ವಾಸದ ವೀಸಾ ಮೀಸಲಿಟ್ಟಿತು. 1992ರಿಂದ ಅವರು ಹೊರಟರು. ಹೋದವರು ಒಬ್ಬೊಬ್ಬರೇ, ಗಂಡನೋ ಹೆಂಡತಿಯೋ ಮಕ್ಕಳೋ ಇಲ್ಲಿಯೇ ಉಳಿದರು. ಕುಟುಂಬ ಸೇರಿಸಿಕೊಳ್ಳುವ ಅರ್ಜಿಗಳು ಇತ್ಯರ್ಥವಾಗಲು ವರ್ಷಗಳೇ ಹಿಡಿದವು. ಅಮೆರಿಕದಲ್ಲಿ ಕಾಯಂ ವಾಸಿಯಾದವರು ಸಾಮಾನ್ಯವಾಗಿ ಐದು ವರ್ಷಕ್ಕೆ ಪೌರತ್ವ ಕೇಳಬಹುದು. ಅವರ ಅಪ್ಪ ಅಮ್ಮ ಮಾತ್ರ ಮುಂಡಗೋಡದಲ್ಲಿ ಆರ್‌ಸಿ ನವೀಕರಿಸುತ್ತಲೇ ಇದ್ದರು.

ಭಾರತದ ಪೌರತ್ವದ ಪ್ರಶ್ನೆ ಕೋರ್ಟು ಮೆಟ್ಟಿಲೇರಿದ್ದು ತಡವಾಗಿ. 1955ರ ಪೌರತ್ವ ಕಾಯ್ದೆಯ ಮೂರನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಪ್ಪ ಅಮ್ಮ ಯಾರೆಂದು ಆ ಕಲಮು ಕೇಳುವುದಿಲ್ಲ. ಆದರೂ ಟಿಬೆಟನ್ನರ ಪಾಸ್‌ಪೋರ್ಟ್ ಅರ್ಜಿಗಳು ವಾಪಸು ಬರುತ್ತಿದ್ದವು. ನಮ್‌ಗ್ಯಾಲ್ ದೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್ 22ರಂದು ಈ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕದ ತೀರ್ಪಿಗೆ ಮುಂಡಗೋಡದ ನಂಟೇ ಇದೆ: ದ್ರೆಪುಂಗ್ ಮಠದ, 1985ರಲ್ಲಿ ಭಾರತದಲ್ಲೇ ಹುಟ್ಟಿದ ಲಿಂಗ್ ರಿನ್‌ಪೋಚೆ ಹೂಡಿದ ದಾವೆಯಲ್ಲಿ 2013ರ ಆಗಸ್ಟ್ 7ರಂದು ಹೈಕೋರ್ಟ್ ಅವರನ್ನು ಹುಟ್ಟಿನಿಂದ ಭಾರತೀಯರೆಂದು ಹೇಳಿತು. ಮರುವರ್ಷ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಲು ರಾಜ್ಯಗಳಿಗೆ ಸೂಚಿಸಿತು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಅದರ ನಂತರವೇ, 2017ರ ಮಾರ್ಚ್‌ನಲ್ಲಿ, ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕಚೇರಿಗಳಿಗೆ ನಿರ್ದೇಶನ ಕೊಟ್ಟಿತು.

ಕೆಲವೇ ತಿಂಗಳಲ್ಲಿ ಷರತ್ತುಗಳು ಬಂದವು. ಆರ್‌ಸಿ, ಐಸಿ ಒಪ್ಪಿಸಬೇಕು; ಟಿಬೆಟನ್ ಆಡಳಿತದ ಸವಲತ್ತು ಬಿಡಬೇಕು; ನಿಗದಿತ ಕ್ಯಾಂಪಿನಲ್ಲಿ ವಾಸ ಇರಬಾರದು. ಅಂದರೆ ಪೌರತ್ವಕ್ಕೆ ಮನೆ, ಹೊಲ, ಮಠದ ನೆರೆಯನ್ನೇ ಬೆಲೆಯಾಗಿ ತೆರಬೇಕು. ಪೌರತ್ವ ಪಡೆದರೆ ಟಿಬೆಟ್‌ನ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟಂತೆ ಎಂಬ ಅಳುಕು ಸಮುದಾಯದೊಳಗೆ ಮೊದಲೇ ಇತ್ತು. ಅದಕ್ಕೆ ಈ ಷರತ್ತುಗಳೂ ಸೇರಿಕೊಂಡವು. ಹಕ್ಕಿದ್ದರೂ ಅನೇಕರು ಅರ್ಜಿ ಹಾಕದಿರುವುದಕ್ಕೆ ಕಾರಣ ಉದಾಸೀನವಲ್ಲ.

ಭೂಮಿಯ ಮಾತೂ ಇದಕ್ಕೆ ಹೊಂದಿಕೊಂಡಿದೆ. ಇದೇ ತಾಲ್ಲೂಕಿನ ಚಿಗಳ್ಳಿಯ ರೈತನಿಗೆ ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರಿದ್ದರೆ ಬ್ಯಾಂಕಿನ ಸಾಲವೂ ಬೆಳೆ ಪರಿಹಾರವೂ ಆ ಸಾಲಿನಿಂದಲೇ ಹುಟ್ಟುತ್ತವೆ. ಕ್ಯಾಂಪಿನ ರೈತ ಅಷ್ಟೇ ವರ್ಷ ಉತ್ತರೂ ಹೊಲ ಅವನ ಹೆಸರಿಗಿಲ್ಲ, ಮಾರುವಂತೆಯೂ ಇಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ 20 ವರ್ಷದ ಗುತ್ತಿಗೆಯನ್ನೂ ಸರ್ಕಾರಿ ಯೋಜನೆಗಳ ಸೌಲಭ್ಯವನ್ನೂ ಸೂಚಿಸಿತು, ಒಡೆತನವನ್ನಲ್ಲ. ಹಾಗೆಂದು ಸುತ್ತಲಿನವರೆಲ್ಲ ಭದ್ರವಾಗಿದ್ದಾರೆ ಎಂದಲ್ಲ. ಅರಣ್ಯ ಅತಿಕ್ರಮಣ ಸಕ್ರಮದ ಅರ್ಜಿ ಹಿಡಿದು 1978ರ ಗಡುವಿಗೂ 2006ರ ಅರಣ್ಯ ಹಕ್ಕು ಕಾಯ್ದೆಯ 75 ವರ್ಷದ ದಾಖಲೆಗೂ ತಡಕಾಡುವ ಕುಟುಂಬಗಳು ಉತ್ತರ ಕನ್ನಡದಲ್ಲಿ ಸಾವಿರಾರು. ಅವರಿಗೆ ದೇಶವಿದೆ, ಹಕ್ಕುಪತ್ರವಿಲ್ಲ.

1987ರ ಗೆರೆ ಮನೆಗಳೊಳಗೂ ಹಾಯ್ದಿದೆ. ಟಿಬೆಟ್‌ನಲ್ಲಿ ಹುಟ್ಟಿದ ದಂಪತಿಗೆ 1986ರಲ್ಲಿ ಮುಂಡಗೋಡದಲ್ಲಿ ಹುಟ್ಟಿದ ಮಗಳು ಭಾರತೀಯಳು, 1988ರಲ್ಲಿ ಹುಟ್ಟಿದ ಮಗ ವಿದೇಶಿಯ. 1987ರ ನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. 2019ರ ಪೌರತ್ವ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದ ಬೌದ್ಧರನ್ನು ಹೆಸರಿಸಿದರೂ ಟಿಬೆಟ್‌ನಿಂದ ಬಂದ ಬೌದ್ಧರನ್ನು ಸೇರಿಸಲಿಲ್ಲ. 1939 ಮತ್ತು 1946ರ ಕಾಯ್ದೆಗಳನ್ನು ತೆಗೆದುಹಾಕಿದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ನಿರಾಶ್ರಿತ ಯಾರು, ಅವನ ಹಕ್ಕೇನು ಎಂದು ಹೇಳುವ ಕಾನೂನು ಮಾತ್ರ ಭಾರತದಲ್ಲಿ ಇನ್ನೂ ಬಂದಿಲ್ಲ.